ಚಿರತೆ ಊರಿಗೆ ‘ಬಂದದ್ದು’ ಯಾವಾಗ?

‘ನಾಡಿಗೆ ಬಂದ ಚಿರತೆ’ ಅನ್ನುವ ತಲೆಬರಹವನ್ನು ನೀವು ಎಷ್ಟು ಸಲ ಓದಿದ್ದೀರೋ ಲೆಕ್ಕವಿಲ್ಲ. ಅದರ ಬೆನ್ನಿಗೇ ಒಂದು ವಿವರಣೆಯೂ ಬರುತ್ತದೆ. ಕಾಡು ಕಡಿದೆವು, ಪ್ರಾಣಿಗೆ ಜಾಗ ಇಲ್ಲದಾಯಿತು, ಹಸಿದು ಊರಿಗೆ ಬಂತು. ಕೇಳಲು ಸರಿ ಅನಿಸುತ್ತದೆ, ಅರ್ಧ ಸರಿಯೂ ಹೌದು. ಆದರೆ ‘ಬಂದ’ ಅನ್ನುವ ಆ ಒಂದು ಪದದಲ್ಲಿ ಎಡವಟ್ಟಿದೆ. ಎಷ್ಟೋ ಪ್ರಾಣಿಗಳು ಊರಿಗೆ ಬಂದೇ ಇಲ್ಲ. ಅವು ಹುಟ್ಟಿದ್ದೇ ಇಲ್ಲಿ. ಅವುಗಳ ತಾಯಿ ಹುಟ್ಟಿದ್ದೂ ಇಲ್ಲೇ. ನಮ್ಮ ಕಣ್ಣಿಗೆ ಬಿದ್ದ ದಿನವನ್ನು ನಾವು ಅದು ಬಂದ ದಿನ ಅಂತ ಬರೆದುಕೊಳ್ಳುತ್ತೇವೆ, ಅಷ್ಟೇ.

ಮುಂಬೈಯನ್ನೇ ನೋಡಿ. ಊರಿನ ಒಡಲಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಇದೆ. ಸುಮಾರು 104 ಚದರ ಕಿಲೋಮೀಟರ್ ಕಾಡು, ಅದನ್ನು ತಬ್ಬಿಕೊಂಡಂತೆ ಕೋಟಿಗೂ ಮೀರಿದ ಜನ. ಈ ಕಾಡಿನಲ್ಲೂ ಅದರ ಅಂಚಿನಲ್ಲೂ ನಲವತ್ತಕ್ಕಿಂತ ಹೆಚ್ಚು ಚಿರತೆಗಳಿವೆ ಅಂತ ಕ್ಯಾಮೆರಾ ಇಟ್ಟು ಎಣಿಸಿದವರು ಹೇಳುತ್ತಾರೆ. ರಾತ್ರಿ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಒಂದು ಸುತ್ತು ಹಾಕುತ್ತವೆ, ಬೆಳಕು ಹರಿಯುವ ಮೊದಲು ಮರೆಯಾಗುತ್ತವೆ. ಮಾರನೇ ದಿನ ಸಿಸಿಟಿವಿ ನೋಡಿದವರಿಗೆ ಮಾತ್ರ ವಿಷಯ ಗೊತ್ತಾಗುತ್ತದೆ.

ಇದು ಮುಂಬೈ ಒಂದರ ಕಥೆಯಲ್ಲ. ಲಂಡನ್ನಿನ ಬಡಾವಣೆಗಳಲ್ಲಿ ನರಿಗಳು 1930ರ ದಶಕದಿಂದಲೇ ನೆಲೆಸಿವೆ. ಬರ್ಲಿನ್ನಿನ ಪಾರ್ಕುಗಳಲ್ಲಿ ಕಾಡುಹಂದಿ ಮರಿಗಳ ಸಾಲು ಕಟ್ಟಿಕೊಂಡು ಓಡಾಡುತ್ತದೆ. ಇಥಿಯೋಪಿಯಾದ ಹರಾರ್ ಊರಿನ ಹಳೆಯ ಕೋಟೆಗೋಡೆಯಲ್ಲಿ ಕತ್ತೆಕಿರುಬಗಳು ಒಳಬರಲೆಂದೇ ಬಿಟ್ಟ ಕಂಡಿಗಳಿವೆ. ರಾತ್ರಿ ಬಂದು ಬೀದಿಯ ಮಾಂಸ, ಮೂಳೆ ಎಲ್ಲ ಚೊಕ್ಕಟ ಮಾಡಿ ಹೋಗುತ್ತವೆ. ಷಿಕಾಗೋ ಸುತ್ತಮುತ್ತ ತೋಳದ ಸಣ್ಣ ತಮ್ಮನಂತಿರುವ ಕೊಯೊಟೆಗಳು ಸಾವಿರಾರು ಇವೆ. ಸ್ಟ್ಯಾನ್ಲಿ ಗೆರ್ಟ್ ಅನ್ನುವ ವಿಜ್ಞಾನಿ 2000ನೇ ಇಸವಿಯಲ್ಲಿ ಅವುಗಳಿಗೆ ರೇಡಿಯೋ ಕಾಲರ್ ಹಾಕಿ ಹಿಂಬಾಲಿಸಲು ಶುರು ಮಾಡಿದರು. ಒಂದು ವರ್ಷದಲ್ಲಿ ಮುಗಿಸೋಣ ಅಂದುಕೊಂಡಿದ್ದ ಕೆಲಸ ಎರಡು ದಶಕ ದಾಟಿತು. ಊರಿನ ಮಧ್ಯದಲ್ಲಿ ಮರಿ ಹಾಕಿದವು, ರಸ್ತೆ ದಾಟುವ ಮೊದಲು ನಿಂತು ವಾಹನ ಹೋಗಲಿ ಅಂತ ಕಾಯುವುದನ್ನೂ ಕಲಿತವು. ಎಷ್ಟೋ ಮನುಷ್ಯರಿಗೆ ಇನ್ನೂ ಬರದ ವಿದ್ಯೆ ಅದು.

ಊರಲ್ಲಿ ಅವಕ್ಕೆ ಸಿಗುವುದೇನು?

ಪ್ರಾಣಿಯ ದಿನಚರಿಯ ಹಿಂದೆ ಒಂದು ಲೆಕ್ಕಾಚಾರ ಇರುತ್ತದೆ. ಎಷ್ಟು ಓಡಾಡಿದರೆ ಎಷ್ಟು ಊಟ? ಎಷ್ಟು ಊಟಕ್ಕೆ ಎಷ್ಟು ಅಪಾಯ? ಮಲಗಲು, ಮರಿ ಹಾಕಲು ಮರೆ ಎಲ್ಲಿ? ಈ ಮೂರನ್ನೂ ಇಟ್ಟು ತೂಗಿ ನೋಡಿದರೆ ಊರು ಅನೇಕ ಸಲ ಕಾಡಿಗಿಂತ ಲಾಭದ ಜಾಗ. ಕಾಡಿನಲ್ಲಿ ಹಣ್ಣಿಗೊಂದು ಕಾಲ, ಬೇಟೆಗೊಂದು ಅದೃಷ್ಟ. ಕಸದ ತೊಟ್ಟಿಗೆ ಕಾಲವೂ ಇಲ್ಲ, ಅದೃಷ್ಟವೂ ಬೇಕಿಲ್ಲ. ದಿನಾ ತುಂಬುತ್ತದೆ, ಒಂದೇ ಜಾಗದಲ್ಲಿ ಇರುತ್ತದೆ, ಓಡಿಹೋಗುವುದಿಲ್ಲ.

ಅಮೆರಿಕದ ಟಾಹೋ ಸರೋವರದ ಸುತ್ತಲಿನ ಕಪ್ಪು ಕರಡಿಗಳನ್ನು ಹೋಲಿಸಿ ನೋಡಿದ್ದಾರೆ. ಊರಿನ ಕಸ ತಿನ್ನುವ ಕರಡಿಗಳು ಕಾಡಿನ ಕರಡಿಗಳಿಗಿಂತ ಸುಮಾರು 30% ಹೆಚ್ಚು ತೂಗುತ್ತಿದ್ದವು, ಓಡಾಟ ಕಡಿಮೆ. ಚಳಿಗಾಲದ ನಿದ್ದೆಗೂ ತಡವಾಗಿ ಹೋಗುತ್ತಿದ್ದವು. ಊಟ ಸಿಗುವುದಿಲ್ಲ ಅಂತ ತಾನೇ ಕರಡಿ ಚಳಿಗಾಲದಲ್ಲಿ ಮಲಗುವುದು? ಊಟ ಸಿಗುತ್ತಲೇ ಇದ್ದರೆ ಯಾಕೆ ಮಲಗಬೇಕು!

ಜೊತೆಗೆ ಊರಿನಲ್ಲಿ ಬಂದೂಕು ಕಡಿಮೆ. ದೊಡ್ಡ ಬೇಟೆಗಾರ ಪ್ರಾಣಿಗಳೂ ಕಡಿಮೆ. ಷಿಕಾಗೋದ ಕೊಯೊಟೆ ಮರಿಗಳು ಹಳ್ಳಿಗಾಡಿನ ಮರಿಗಳಿಗಿಂತ ಹೆಚ್ಚು ಬದುಕುಳಿಯಲು ಇದೇ ಕಾರಣ. ಅಲ್ಲಿ ಅವುಗಳನ್ನು ಕೊಲ್ಲುವುದು ಹೆಚ್ಚಾಗಿ ಕಾರುಗಳು. ಮರೆಯಂತೂ ಹೇಗೋ ಸಿಕ್ಕೇ ಸಿಗುತ್ತದೆ: ಖಾಲಿ ಸೈಟು, ರೈಲು ಹಳಿಯ ಪಕ್ಕದ ಪೊದೆ, ಮೋರಿ, ಸ್ಮಶಾನ. ಪೆರೆಗ್ರಿನ್ ಡೇಗೆಯ ಕಣ್ಣಿಗೆ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡ ಒಂದು ಬಂಡೆಗೋಡೆ. ಕೆಳಗೆ ಹಾರುವ ಪಾರಿವಾಳ ಅದರ ಊಟ. ಅದಕ್ಕೆ ಊರು ಅಂದರೆ ಹೊಸ ತರಹದ ಬೆಟ್ಟ, ಅಷ್ಟೇ.

ಹಾಗಾಗಿ ‘ಕಾಡು ಕಡಿದೆವು, ಅವು ಬಂದವು’ ಅನ್ನುವುದು ಕಥೆಯ ಒಂದು ತುದಿ. ಇನ್ನೊಂದು ತುದಿ ಜಪಾನಿನಲ್ಲಿದೆ. ಅಲ್ಲಿ ಆದದ್ದು ಪೂರಾ ಉಲ್ಟಾ. ಹಳ್ಳಿಗಳ ಯುವಕರು ಪಟ್ಟಣ ಸೇರಿದರು, ಉಳಿದವರಿಗೆ ವಯಸ್ಸಾಯಿತು, ಹೊಲ ಪಾಳು ಬಿತ್ತು, ಕೊಯ್ಯುವವರಿಲ್ಲದೆ ಹಣ್ಣು ಮರದಲ್ಲೇ ಉಳಿಯಿತು. ಕಾಡಿಗೂ ಊರಿಗೂ ನಡುವೆ ಇದ್ದ ಜನರ ಬೇಲಿಯೇ ಕರಗಿಹೋಯಿತು. ಅದರ ಮೇಲೆ ಕಾಡಿನಲ್ಲಿ ಬೀಜ ಸರಿಯಾಗಿ ಹಿಡಿಯದ ವರ್ಷ ಬಂದರೆ ಕರಡಿ ನೇರವಾಗಿ ಬೀದಿಗೆ ಇಳಿಯುತ್ತದೆ. 2023ರಲ್ಲಿ ಅಲ್ಲಿ ಕರಡಿ ದಾಳಿಗೆ ಸಿಕ್ಕವರ ಸಂಖ್ಯೆ 200 ದಾಟಿತು. ನಾವು ಮುಂದೆ ಹೋದರೂ ಪ್ರಾಣಿ ಸಿಗುತ್ತದೆ, ಹಿಂದೆ ಸರಿದರೂ ಸಿಗುತ್ತದೆ.

ಕೆಲವು ಸಲ ಅವು ಬರುವುದು ನಾವು ಏನೋ ಒಳ್ಳೆಯದು ಮಾಡಿದ್ದಕ್ಕೆ. ಸಿಂಗಪುರದಲ್ಲಿ 1977ರಿಂದ 1987ರವರೆಗೆ ಹತ್ತು ವರ್ಷ ಕೊಳಕು ನದಿಯನ್ನು ತೊಳೆದರು. ಮೀನು ಬಂದವು. 1990ರ ದಶಕದ ಕೊನೆಗೆ ನೀರುನಾಯಿಗಳು ಬಂದವು. ಈಗ ಅವು ಇಡೀ ಸಂಸಾರ ಸಮೇತ ಫುಟ್‌ಪಾತಿನ ಮೇಲೆ ಓಡುತ್ತವೆ, ಜನ ಮೊಬೈಲ್ ಹಿಡಿದು ಹಿಂದೆ ಓಡುತ್ತಾರೆ. ಯಾರದೋ ಮನೆಯ ಕೊಳದಲ್ಲಿದ್ದ ದುಬಾರಿ ಅಲಂಕಾರದ ಮೀನುಗಳನ್ನು ಇವು ರಾತ್ರೋರಾತ್ರಿ ತಿಂದು ಮುಗಿಸಿದಾಗ ಮಾತ್ರ ಆ ಪ್ರೀತಿ ಸ್ವಲ್ಪ ಇಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು. ಎಲ್ಲ ಪ್ರಾಣಿಗೂ ಈ ಊರಿನ ಬಾಳು ಒಗ್ಗುವುದಿಲ್ಲ. ಏನು ಸಿಕ್ಕರೂ ತಿನ್ನುವ, ಬೇಗ ಕಲಿಯುವ, ಜಾಗ ಬದಲಿಸಲು ಹೆದರದ ಪ್ರಾಣಿಗಳಿಗೆ ಮಾತ್ರ ಇದು ಸ್ವರ್ಗ. ಒಂದೇ ಬಗೆಯ ಮರ, ಒಂದೇ ಬಗೆಯ ಹುಳ ನೆಚ್ಚಿಕೊಂಡವು ಸದ್ದಿಲ್ಲದೆ ಹೋಗಿಬಿಡುತ್ತವೆ. ಅವುಗಳ ಬಗ್ಗೆ ತಲೆಬರಹ ಬರುವುದಿಲ್ಲ.

ಊರಿನಲ್ಲಿ ಉಳಿದವು ಬದಲಾಗುತ್ತವೆ. ಮೊದಲು ಬದಲಾಗುವುದು ಗಡಿಯಾರ. 2018ರಲ್ಲಿ ಕೇಟ್ಲಿನ್ ಗೇನರ್ ಮತ್ತು ಜೊತೆಗಾರರು ಆರು ಖಂಡಗಳ 62 ಜಾತಿಯ ಸ್ತನಿಗಳ ಬಗ್ಗೆ ಬಂದಿದ್ದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಅರ್ಧ ಹಗಲು, ಅರ್ಧ ರಾತ್ರಿ ಓಡಾಡುತ್ತಿದ್ದ ಪ್ರಾಣಿ ಜನರ ಹತ್ತಿರ ಬದುಕುವಾಗ ರಾತ್ರಿಯ ಪಾಲನ್ನು 68%ರಷ್ಟಕ್ಕೆ ಏರಿಸಿಕೊಳ್ಳುತ್ತದೆ ಅನ್ನುವುದು ಅವರಿಗೆ ಸಿಕ್ಕ ಉತ್ತರ. ಅಂದರೆ ಒಂದೇ ಜಾಗ, ಎರಡು ಪಾಳಿ. ಹಗಲು ನಮಗೆ, ರಾತ್ರಿ ಅವಕ್ಕೆ. ಯಾರೂ ಕೂತು ಮಾತಾಡಿ ಮಾಡಿಕೊಂಡ ಒಪ್ಪಂದ ಅಲ್ಲ ಇದು. ಆದರೂ ಸುಮಾರಾಗಿ ನಡೆಯುತ್ತಿದೆ.

ದನಿಯೂ ಬದಲಾಗುತ್ತದೆ. ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ, ಗಲಾಟೆ ಜಾಸ್ತಿ ಇರುವ ಕಡೆ ಬದುಕುವ ಚೇಕಡಿ ಹಕ್ಕಿಗಳು ಎತ್ತರದ ಸ್ಥಾಯಿಯಲ್ಲಿ ಹಾಡುತ್ತವೆ ಅಂತ 2003ರಲ್ಲಿ ಕಂಡುಕೊಂಡರು. ವಾಹನದ ಸದ್ದು ಕೆಳದನಿಯದು, ಅದರ ಮೇಲಿಂದ ಕೇಳಬೇಕಲ್ಲ. 2020ರಲ್ಲಿ ಲಾಕ್‌ಡೌನ್ ಆಗಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತ ರಸ್ತೆಗಳು ಖಾಲಿಯಾದಾಗ ಅಲ್ಲಿನ ಗುಬ್ಬಚ್ಚಿಯಂಥ ಒಂದು ಹಕ್ಕಿ ಹಾಡಿನ ಸದ್ದನ್ನೂ ಸ್ಥಾಯಿಯನ್ನೂ ಇಳಿಸಿತು. ಸದ್ದು ಇಳಿಸಿದರೂ ಹಾಡು ಮೊದಲಿಗಿಂತ ದೂರ ಕೇಳುತ್ತಿತ್ತು. ಅಲ್ಲಿಯವರೆಗೆ ಪಾಪ ಅದು ನಮ್ಮ ಮೇಲೆ ಕಿರುಚುತ್ತಿತ್ತು ಅಂತ ಗೊತ್ತಾದದ್ದೇ ಆವಾಗ.

ಹೆದರದಿರುವುದು ಬೇರೆ, ಕೈ ನೋಡುವುದು ಬೇರೆ

ಈಗ ಇಡೀ ವಿಷಯದ ಮುಖ್ಯ ಗಂಟಿಗೆ ಬರೋಣ. ಜನರ ಹತ್ತಿರ ಇರುವ ಪ್ರಾಣಿಯಲ್ಲಿ ಎರಡು ಬದಲಾವಣೆ ಆಗಬಹುದು. ನೋಡಲು ಎರಡೂ ಒಂದೇ ಥರ. ಆದರೆ ಪರಿಣಾಮ ಅಜಗಜಾಂತರ.

ಒಂದು, ರೂಢಿಯಾಗುವುದು. ದಿನಾ ಮನುಷ್ಯರನ್ನು ನೋಡುತ್ತದೆ. ಅವರಿಂದ ಏನೂ ಆಗುವುದಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಹಾಗಾಗಿ ಓಡುವುದನ್ನು ನಿಲ್ಲಿಸುತ್ತದೆ. ನಾವು ದಾರಿಯ ಕಂಬವನ್ನು ನೋಡಿದ ಹಾಗೆ ಅದು ನಮ್ಮನ್ನು ನೋಡುತ್ತದೆ. ಇದರಲ್ಲಿ ಅಪಾಯ ಕಡಿಮೆ.

ಇನ್ನೊಂದು, ಊಟದ ನಂಟು. ಮನುಷ್ಯ ಅಂದರೆ ತಿನ್ನಲು ಸಿಗುತ್ತದೆ ಅಂತ ಕಲಿಯುವುದು. ಇಲ್ಲಿ ಮನುಷ್ಯ ಕಂಬ ಅಲ್ಲ, ತಟ್ಟೆ. ಒಮ್ಮೆ ಈ ಪಾಠ ತಲೆಗೆ ಹೋದರೆ ಪ್ರಾಣಿ ಹತ್ತಿರ ಬರುತ್ತದೆ, ಕಾಯುತ್ತದೆ, ಕೊಡದಿದ್ದರೆ ಕೇಳುತ್ತದೆ, ಕೇಳಿದರೂ ಕೊಡದಿದ್ದರೆ ಕಿತ್ತುಕೊಳ್ಳುತ್ತದೆ. ಕಚ್ಚುವ ಕೋತಿ, ಬ್ಯಾಗ್ ಎಳೆಯುವ ಬಬೂನ್, ಅಡುಗೆಮನೆ ಬಾಗಿಲು ಮುರಿಯುವ ಕರಡಿ, ಇವುಗಳಲ್ಲಿ ಹೆಚ್ಚಿನವುಗಳ ಹಿಂದೆ ಯಾರೋ ಪ್ರೀತಿಯಿಂದ ಕೊಟ್ಟ ಮೊದಲ ತುತ್ತು ಇರುತ್ತದೆ. ಕೊಟ್ಟವರು ಫೋಟೋ ತೆಗೆದುಕೊಂಡು ಹೋಗಿರುತ್ತಾರೆ. ಕಚ್ಚಿಸಿಕೊಳ್ಳುವವರು ಬೇರೆಯವರು. ನನಗೆ ಈ ವಿಷಯದಲ್ಲಿ ಸಿಟ್ಟು ಬರುವುದು ಇಲ್ಲೇ.

ಈ ಪಾಠ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದಕ್ಕೆ ಬಾಲಿ ದ್ವೀಪದ ಉಲುವಾಟು ದೇವಸ್ಥಾನದ ಕೋತಿಗಳಿವೆ. ಅವು ಪ್ರವಾಸಿಗರ ಕನ್ನಡಕ, ಮೊಬೈಲ್, ಚಪ್ಪಲಿ ಕದ್ದು ಇಟ್ಟುಕೊಳ್ಳುತ್ತವೆ. ಅಲ್ಲಿನ ಸಿಬ್ಬಂದಿ ತಿನ್ನಲು ಕೊಟ್ಟರೆ ಮಾತ್ರ ವಾಪಸ್. 2021ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ನೋಡಿತು. ದೊಡ್ಡ ಕೋತಿಗಳಿಗೆ ಯಾವ ವಸ್ತು ಜನರಿಗೆ ಹೆಚ್ಚು ಬೇಕು ಅನ್ನುವುದೂ ಗೊತ್ತಿದೆ. ಬೆಲೆಬಾಳುವುದನ್ನೇ ಹುಡುಕಿ ಕದಿಯುತ್ತವೆ, ಅದಕ್ಕೆ ಹೆಚ್ಚಿನ ತಿನಿಸನ್ನೂ ಕೇಳುತ್ತವೆ. ಮರಿಗಳಿಗೆ ಇದು ಬರುವುದಿಲ್ಲ, ವರ್ಷಗಟ್ಟಲೆ ಕಲಿಯಬೇಕು. ಒಂಥರಾ ವ್ಯಾಪಾರದ ಅಪ್ರೆಂಟಿಸ್‌ಶಿಪ್.

ಸಿಡ್ನಿಯಲ್ಲಿ ಇದೇ ಕಲಿಕೆ ಬೀದಿಯಿಂದ ಬೀದಿಗೆ ಹರಡಿದ್ದನ್ನು ಎಣಿಸಿಯೇ ಇಟ್ಟಿದ್ದಾರೆ. ಅಲ್ಲಿನ ಬಿಳಿ ಕಾಕಟೂ ಗಿಳಿಗಳು ಕಸದ ಡಬ್ಬದ ಭಾರವಾದ ಮುಚ್ಚಳವನ್ನು ಕೊಕ್ಕಿನಿಂದ ಎತ್ತಿ, ಅಂಚಿನ ಮೇಲೆ ನಡೆದು, ಹಿಂದಕ್ಕೆ ಬೀಳಿಸುತ್ತವೆ. 2018ಕ್ಕೆ ಮೊದಲು ಈ ಸುದ್ದಿ ಇದ್ದದ್ದು 3 ಬಡಾವಣೆಗಳಿಂದ. 2019ರ ಕೊನೆಗೆ 44 ಬಡಾವಣೆಗಳಿಂದ. ಬಾರ್ಬರಾ ಕ್ಲಂಪ್ ಮತ್ತು ತಂಡ ತೋರಿಸಿದ ಹಾಗೆ ಒಂದು ಹಕ್ಕಿಯನ್ನು ನೋಡಿ ಇನ್ನೊಂದು ಕಲಿಯಿತು. ಜನ ಮುಚ್ಚಳದ ಮೇಲೆ ಇಟ್ಟಿಗೆ ಇಟ್ಟರು. ಹಕ್ಕಿಗಳು ಇಟ್ಟಿಗೆ ತಳ್ಳಲು ಕಲಿತವು. ಜನ ಮುಚ್ಚಳದ ಸಂದಿಗೆ ಚಪ್ಪಲಿ, ಕೋಲು ತುರುಕಿದರು. ಪಕ್ಕದ ಮನೆಯವರು ಅದನ್ನು ನೋಡಿ ತಾವೂ ತುರುಕಿದರು. ಎರಡೂ ಕಡೆಯವರು ನೆರೆಮನೆ ನೋಡಿಯೇ ಕಲಿತದ್ದು. ಪಂದ್ಯ ಇನ್ನೂ ಮುಗಿದಿಲ್ಲ.

ಹಿಡಿದು ದೂರ ಬಿಟ್ಟು ಬಂದರೆ?

ಯಾವ ಊರಲ್ಲಿ ಕೇಳಿದರೂ ಬರುವ ಮೊದಲ ಬೇಡಿಕೆ ಇದು. ‘ಹಿಡಿದು ಕಾಡಿಗೆ ಬಿಡಿ.’ ಕೇಳಲು ದಯೆಯ ಮಾತು. ಯಾರನ್ನೂ ಕೊಲ್ಲುವುದಿಲ್ಲ, ನಮಗೂ ನೆಮ್ಮದಿ. ಆದರೆ ಫಲ ಏನಾಯಿತು ಅಂತ ಮಹಾರಾಷ್ಟ್ರದ ಜುನ್ನರ್‌ನಲ್ಲಿ ಲೆಕ್ಕ ಸಿಕ್ಕಿದೆ. ಅಲ್ಲಿ ಕಬ್ಬಿನ ಗದ್ದೆಗಳ ನಡುವೆಯೇ ಚಿರತೆಗಳು ಬದುಕುತ್ತಿದ್ದವು. 2001ರಿಂದ ಅವುಗಳನ್ನು ಬೋನಿಗೆ ಹಾಕಿ ದೂರದ ಕಾಡುಗಳಿಗೆ ಬಿಡಲು ಶುರು ಮಾಡಿದರು. ವಿದ್ಯಾ ಆತ್ರೇಯ ಮತ್ತು ಜೊತೆಗಾರರು ದಾಖಲೆ ತೆಗೆದು ನೋಡಿದಾಗ, ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತ್ತು. ದಾಳಿಗೆ ಸಿಕ್ಕವರಲ್ಲಿ ಸತ್ತವರ ಪಾಲು ಎರಡರಷ್ಟಾಗಿತ್ತು.

ಯಾಕೆ ಹೀಗೆ? ಚಿರತೆಗೆ ತನ್ನ ಪ್ರದೇಶದ ಪ್ರತಿ ಸಂದಿ ಗೊತ್ತು. ಜನ ಯಾವಾಗ ಓಡಾಡುತ್ತಾರೆ, ನಾಯಿ ಎಲ್ಲಿ ಮಲಗುತ್ತದೆ, ಯಾವ ದಾರಿ ಸುರಕ್ಷಿತ, ಎಲ್ಲ ವರ್ಷಗಳಿಂದ ಕಲಿತದ್ದು. ಆ ತಿಳಿವಳಿಕೆಯಿಂದಲೇ ಅದು ನಮ್ಮಿಂದ ತಪ್ಪಿಸಿಕೊಂಡು ಬದುಕುತ್ತಿತ್ತು. ಬೋನಿನಲ್ಲಿ ಹಾಕಿ, ಜನ ಮುತ್ತಿ ಗದ್ದಲ ಮಾಡಿ, ಗಾಯ ಮಾಡಿ, ಗುರುತಿಲ್ಲದ ಜಾಗದಲ್ಲಿ ಇಳಿಸಿದರೆ ಅದು ದಾರಿ ತಪ್ಪಿದ, ಹೆದರಿದ ಪ್ರಾಣಿ. ಆ ಕಾಡಿನಲ್ಲಿ ಆಗಲೇ ಬೇರೆ ಚಿರತೆ ಇರುತ್ತದೆ, ಅದು ಇದನ್ನು ಓಡಿಸುತ್ತದೆ. ಇದು ವಾಪಸ್ ಮನೆಯ ಕಡೆ ಹೊರಡುತ್ತದೆ, ನಡುವೆ ಸಿಗುವ ಊರುಗಳಲ್ಲಿ ಎಡವುತ್ತದೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಎಳೆಯ ಚಿರತೆ ಬರುತ್ತದೆ. ಅದಕ್ಕೆ ಇಲ್ಲಿನ ಕಟ್ಟುಪಾಡು ಗೊತ್ತಿಲ್ಲ. ಕೊಯೊಟೆಗಳ ವಿಷಯದಲ್ಲೂ ಇದೇ. ಒಂದನ್ನು ತೆಗೆದರೆ ಆ ಜಾಗ ಹೆಚ್ಚು ದಿನ ಖಾಲಿ ಇರುವುದಿಲ್ಲ. ಬಾಡಿಗೆ ಮನೆ ಚೆನ್ನಾಗಿದ್ದರೆ ಬಾಡಿಗೆದಾರರಿಗೆ ಬರವೇ?

ಹಾಗಾಗಿ ಕೆಲಸಕ್ಕೆ ಬರುವುದು ಮನೆಯನ್ನು ‘ಕೆಡಿಸುವುದು’, ಅಂದರೆ ಊಟ ಮುಚ್ಚುವುದು. ಅಮೆರಿಕದ ಡುರಾಂಗೊ ಊರಿನಲ್ಲಿ ಕೆಲವು ಬಡಾವಣೆಗಳಿಗೆ ಕರಡಿ ತೆರೆಯಲಾಗದ ಕಸದ ಡಬ್ಬ ಹಂಚಿದರು, ಕೆಲವಕ್ಕೆ ಹಂಚಲಿಲ್ಲ. ಹಂಚಿದ ಕಡೆ ಕಸಕ್ಕೆ ಸಂಬಂಧಿಸಿದ ತಂಟೆ 60% ಕಡಿಮೆ ಇತ್ತು. ಕೋವಿ ಇಲ್ಲ, ಬೋನು ಇಲ್ಲ. ಒಂದು ಒಳ್ಳೆಯ ಚಿಲಕ.

ಕೆನಡಾದ ಚರ್ಚಿಲ್‌ನಲ್ಲಿ ಸುಮಾರು 900 ಜನ. ಹಡ್ಸನ್ ಕೊಲ್ಲಿ ಹೆಪ್ಪುಗಟ್ಟಲಿ ಅಂತ ಕಾಯುವ ಹಿಮಕರಡಿಗಳು ಪ್ರತಿ ಶರತ್ಕಾಲದಲ್ಲಿ ಈ ಊರಿನ ಸುತ್ತ ಸುಳಿಯುತ್ತವೆ. ಅವು ಕಸ ತಿನ್ನಲು ಬರುತ್ತಿದ್ದ ದೊಡ್ಡ ಕಸದ ಗುಂಡಿಯನ್ನು 2005ರಲ್ಲಿ ಮುಚ್ಚಿದರು. ಹಠ ಮಾಡುವ ಕರಡಿಯನ್ನು ಹಿಡಿದು ಕೆಲವು ವಾರ ಒಂದು ಕಟ್ಟಡದಲ್ಲಿ ಇಡುತ್ತಾರೆ. ಜನ ಅದನ್ನು ಕರಡಿ ಜೈಲು ಅನ್ನುತ್ತಾರೆ. ಜೈಲಿನಲ್ಲಿ ಊಟ ಇಲ್ಲ, ನೀರು ಮಾತ್ರ. ಕ್ರೂರ ಅನಿಸಬಹುದು. ಆದರೆ ಆ ಕಾಲದಲ್ಲಿ ಅದು ಹೊರಗಿದ್ದರೂ ಹೆಚ್ಚುಕಡಿಮೆ ಉಪವಾಸವೇ. ಊರಿನಲ್ಲಿ ಊಟ ಸಿಗುತ್ತದೆ ಅನ್ನುವ ಪಾಠ ಮಾತ್ರ ಸಿಗಬಾರದು. ಮತ್ತೆ ಅಲ್ಲಿನವರು ಕಾರಿನ ಬಾಗಿಲಿಗೆ ಬೀಗ ಹಾಕದೆ ಬಿಡುತ್ತಾರೆ. ಬೀದಿಯಲ್ಲಿ ಕರಡಿ ಎದುರಾದವರು ಯಾರ ಕಾರಿಗೆ ಬೇಕಾದರೂ ಹತ್ತಿ ಕೂರಬಹುದು.

ರೋಗದ ಮಾತು ಬಿಟ್ಟರೆ ಲೆಕ್ಕ ಪೂರ್ತಿ ಆಗುವುದಿಲ್ಲ. 1998–99ರಲ್ಲಿ ಮಲೇಷ್ಯಾದಲ್ಲಿ ನಿಪಾ ಬಂದದ್ದು ಬಾವಲಿಗಳಿಂದ. ಹಂದಿ ಗೂಡುಗಳ ಪಕ್ಕದಲ್ಲೇ ಹಣ್ಣಿನ ಮರ ಬೆಳೆಸಿದ್ದರು. ಬಾವಲಿ ಕಚ್ಚಿ ಬೀಳಿಸಿದ ಹಣ್ಣು ಹಂದಿಗೆ, ಹಂದಿಯಿಂದ ಮನುಷ್ಯರಿಗೆ. ತೊಂದರೆ ಇದ್ದದ್ದು ಆ ಜೋಡಣೆಯಲ್ಲಿ. ಇದಕ್ಕೆ ತಿರುಗುಮುರುಗಾದ ಉದಾಹರಣೆಯೂ ಇದೆ. ಯುರೋಪಿನಲ್ಲಿ ನರಿಗಳಿಂದ ರೇಬಿಸ್ ಹರಡುತ್ತಿತ್ತು. ಕೊಂದು ಕೊಂದು ಸಾಕಾಯಿತು. ಸ್ವಿಟ್ಜರ್ಲೆಂಡಿನಲ್ಲಿ 1978ರಲ್ಲಿ ಕೋಳಿ ತಲೆಯೊಳಗೆ ಲಸಿಕೆ ಇಟ್ಟು ನರಿಗಳ ದಾರಿಯಲ್ಲಿ ಹಾಕಿ ಬಂದರು. ನರಿ ತಿಂದಿತು, ಲಸಿಕೆ ಒಳಗೆ ಹೋಯಿತು. ಆ ಉಪಾಯ ಬೆಳೆದು ಪಶ್ಚಿಮ ಯುರೋಪಿನ ಬಹುಭಾಗದಲ್ಲಿ ನರಿಗಳ ರೇಬಿಸ್ಸೇ ಇಲ್ಲದಂತಾಯಿತು, ನರಿಗಳು ಉಳಿದವು. ಮುಂಬೈ ಚಿರತೆಗಳು ಬೀದಿ ನಾಯಿಗಳನ್ನು ತಿನ್ನುವುದರಿಂದ ನಾಯಿ ಕಡಿತ ಕಡಿಮೆಯಾಗುತ್ತಿರಬಹುದು ಅಂತಲೂ 2018ರಲ್ಲಿ ಒಂದು ಅಂದಾಜು ಬಂತು.

ಹಾಗಂತ ಇದನ್ನು ಸುಮ್ನೆ ಸುಂದರ ಕಥೆ ಮಾಡಲು ನನಗೆ ಮನಸ್ಸಿಲ್ಲ. ಒಟ್ಟಿಗೆ ಬದುಕುವ ಖರ್ಚು ಎಲ್ಲರ ಮೇಲೂ ಒಂದೇ ಥರ ಬೀಳುವುದಿಲ್ಲ. ಎಂಟನೇ ಮಹಡಿಯ ಬಾಲ್ಕನಿಯಿಂದ ಚಿರತೆಯ ವಿಡಿಯೋ ಮಾಡುವವರು ಒಬ್ಬರು. ಕಾಡಿನ ಅಂಚಿನ ಗುಡಿಸಲಿನಲ್ಲಿ, ಶೌಚಾಲಯ ಇಲ್ಲದೆ ಕತ್ತಲಲ್ಲಿ ಪೊದೆಯ ಪಕ್ಕ ಕೂರಬೇಕಾದವರು ಇನ್ನೊಬ್ಬರು. ನಿಂತ ಮನುಷ್ಯ ಚಿರತೆಗೆ ಬೇಟೆಯಂತೆ ಕಾಣುವುದಿಲ್ಲ. ಕೂತವರು, ಮಕ್ಕಳು ಸಣ್ಣ ಪ್ರಾಣಿಯಂತೆ ಕಾಣಬಹುದು. ಮುಂಬೈಯಲ್ಲಿ 2004ರ ಜೂನ್ ತಿಂಗಳೊಂದರಲ್ಲೇ ಹಲವರು ಸತ್ತರು. ಬೇರೆಡೆ ಹಿಡಿದ ಚಿರತೆಗಳನ್ನು ತಂದು ಆ ಕಾಡಿಗೆ ಬಿಡುತ್ತಿದ್ದ ಕಾಲ ಅದು. 2011ರಲ್ಲಿ ಅರಣ್ಯ ಇಲಾಖೆ ಮತ್ತು ನಾಗರಿಕರು ಕೂಡಿ ಶುರು ಮಾಡಿದ ಕೆಲಸ ಬೇರೆ ದಾರಿ ಹಿಡಿಯಿತು. ಕಸ ಎತ್ತಿಸುವುದು, ದೀಪ ಹಾಕಿಸುವುದು, ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು, ಪೊಲೀಸರಿಗೂ ಪತ್ರಕರ್ತರಿಗೂ ವಿಷಯ ತಿಳಿಸುವುದು. ಚಿರತೆ ಸಮಸ್ಯೆಗೆ ಶೌಚಾಲಯ ಪರಿಹಾರ ಅಂದರೆ ವಿಚಿತ್ರ ಅನಿಸುತ್ತದೆ, ಅಲ್ವಾ? ಆದರೆ ನಿಜ.

ಪ್ರಾಣಿಗಳೂ ಖರ್ಚು ಕೊಡುತ್ತವೆ. ಲಾಸ್ ಏಂಜಲಿಸ್‌ನಲ್ಲಿ ಪಿ-22 ಅನ್ನುವ ಗಂಡು ಪ್ಯೂಮಾ (ಅಮೆರಿಕದ ದೊಡ್ಡ ಕಾಡುಬೆಕ್ಕು) ಎರಡು ಹೆದ್ದಾರಿ ದಾಟಿ ಬಂದು ಗ್ರಿಫಿತ್ ಪಾರ್ಕ್ ಸೇರಿತು. ನೂರಾರು ಚದರ ಕಿಲೋಮೀಟರ್ ಬೇಕಾಗುವ ಪ್ರಾಣಿ ಒಂದು ಪಾರ್ಕಿನಲ್ಲಿ ಹತ್ತು ವರ್ಷ ಇತ್ತು. ಹೆದ್ದಾರಿ ದಾಟಿ ಹೆಣ್ಣು ಬರಲಿಲ್ಲ, ಅದು ಒಂಟಿಯಾಗಿಯೇ ಉಳಿಯಿತು. 2014ರಲ್ಲಿ ಅದಕ್ಕೆ ಕಜ್ಜಿ ಹತ್ತಿತು. ಮೈಯೊಳಗೆ ಇಲಿ ಪಾಷಾಣ ಸಿಕ್ಕಿತು. ಯಾರೋ ಇಲಿಗೆ ಇಟ್ಟದ್ದು. ಇಲಿ ತಿಂದದ್ದನ್ನು ಇನ್ನೊಂದು ತಿಂದು, ಅದನ್ನು ಇದು ತಿಂದು, ಹೀಗೆ ಮೇಲೆ ಹತ್ತಿ ಬಂದಿತ್ತು. 2022ರ ಡಿಸೆಂಬರಿನಲ್ಲಿ, ವಾಹನ ಬಡಿದ ಪೆಟ್ಟು ಮತ್ತು ಕಾಯಿಲೆಗಳು ಮಿತಿ ಮೀರಿದಾಗ, ವೈದ್ಯರು ಅದಕ್ಕೆ ದಯಾಮರಣ ಕೊಟ್ಟರು. ಅದೇ ವರ್ಷ ಏಪ್ರಿಲ್‌ನಲ್ಲಿ ಅಲ್ಲಿನ ಹೆದ್ದಾರಿಯ ಮೇಲೆ ಪ್ರಾಣಿಗಳಿಗೆಂದೇ ಒಂದು ಸೇತುವೆಯ ಕೆಲಸ ಶುರುವಾಗಿತ್ತು.

ಇನ್ನು ಚಿರತೆ ಎದುರಿಗೇ ಕಂಡರೆ? ಓಡಬಾರದು, ಬಗ್ಗಬಾರದು, ಮುಖ ಅದರ ಕಡೆ ಇಟ್ಟುಕೊಂಡು ನಿಧಾನವಾಗಿ ಹಿಂದೆ ಸರಿಯಬೇಕು, ಮಗು ಇದ್ದರೆ ಎತ್ತಿಕೊಳ್ಳಬೇಕು. ಆದರೆ ಕೆಟ್ಟ ಗಾಯಗಳು ಆಗುವುದು ಹೆಚ್ಚಾಗಿ ಹೀಗೆ ಎದುರಾದಾಗ ಅಲ್ಲ. ಹಗಲಲ್ಲಿ ಅದು ಯಾವುದೋ ಕಟ್ಟಡದೊಳಗೆ ಸಿಕ್ಕಿಕೊಂಡು, ಸಾವಿರ ಜನ ಸುತ್ತ ನೆರೆದಾಗ. ಅರಿವಳಿಕೆ ಚುಚ್ಚಿದ ತಕ್ಷಣ ಅದು ಸಿನಿಮಾದಲ್ಲಿ ಬಿದ್ದ ಹಾಗೆ ಬೀಳುವುದಿಲ್ಲ, ಹಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ಅದು ಓಡುವುದು ಗುಂಪಿನ ಮೇಲೇ. ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿ ಕೂಡ ಬರೀ ಕಂಡಿತು ಅನ್ನುವ ಕಾರಣಕ್ಕೆ ಚಿರತೆ ಹಿಡಿಯಬೇಡಿ ಅನ್ನುತ್ತದೆ. ಎಷ್ಟೋ ಸಲ ಮಾಡಬೇಕಾದ್ದು ಇಷ್ಟೇ: ಜನರನ್ನು ದೂರ ಕಳಿಸುವುದು, ಒಂದು ಕಡೆಯ ದಾರಿ ಖಾಲಿ ಬಿಡುವುದು, ಕತ್ತಲಾಗುವವರೆಗೆ ಕಾಯುವುದು. ರಾತ್ರಿ ಯಾವುದೋ ಹೊತ್ತಿನಲ್ಲಿ ಅದು ಎದ್ದು, ಬಂದ ದಾರಿಯಲ್ಲೇ, ತನ್ನ ಪಾಳಿಗೆ ಹೋಗುತ್ತದೆ.